ಎಣಿಕೆ ಬಿಡಿ, ಸಿಂಬಲ್ ಹಿಡಿಯಿರಿ

ಪತ್ರ: ಎಲ್ಲರೂ ಹೊಗಳುತ್ತಾರೆಂದು ಮೆಶುಗಾ ಎಂಬ ಹೆವಿ ಮೆಟಲ್ ಬ್ಯಾಂಡ್ ಕೇಳಿದೆ. ತಾಳ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ‘ಎಣಿಸೋಕೆ ಬರದಿದ್ದರೆ ಇದು ನಿನಗಲ್ಲ’ ಎಂದ ಗೆಳೆಯ. ಇದು ಸಂಗೀತವೋ, ಲೆಕ್ಕವೋ? – ಓದುಗರೊಬ್ಬರು

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಶುದ್ಧ ತಪ್ಪು. ಇಂಥ ಮಾತು ಕೇಳಿಯೇ ಎಷ್ಟೋ ಒಳ್ಳೆಯ ಕಿವಿಗಳು ಈ ಸಂಗೀತದಿಂದ ದೂರ ಸರಿದಿವೆ.

ನಿಮ್ಮ ಅನುಮಾನದಲ್ಲೂ ಹುರುಳಿದೆ. ಕಷ್ಟವಾದದ್ದನ್ನು ನುಡಿಸಿ ತೋರಿಸುವುದೇ ಗುರಿಯಾದ ಪ್ರೋಗ್ರೆಸಿವ್ ಮೆಟಲ್ (ತಾಳ, ರಚನೆ ಜಟಿಲವಾಗಿರುವ ಮೆಟಲ್) ಬ್ಯಾಂಡ್‌ಗಳು ಇವೆ. ಅವನ್ನು ಕೇಳಿ ಸುಸ್ತಾದರೆ ತಪ್ಪು ನಿಮ್ಮದಲ್ಲ. ಆದರೆ 1987ರಲ್ಲಿ ಸ್ವೀಡನ್ನಿನ ಉಮಿಯೋದಲ್ಲಿ ಹುಟ್ಟಿದ ಮೆಶುಗಾ ಆ ಸಾಲಿನದಲ್ಲ.

ಡ್ರಮ್ಮರ್ ತೋಮಸ್ ಹಾಕೆಯವರ ಒಂದು ಕೈಯನ್ನೇ ಗಮನಿಸಿ. ಅದು ಸಿಂಬಲ್, ಅಂದರೆ ಡ್ರಮ್ ಸೆಟ್ಟಿನ ಲೋಹದ ತಟ್ಟೆಯ ಮೇಲೆ ಸರಳವಾದ ನಾಲ್ಕರ ನಡೆಯನ್ನು ಬಿಡದೆ ಹಿಡಿದಿರುತ್ತದೆ. ಗಿಟಾರ್, ಬಾಸ್, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಮೂರೂ ಸೇರಿ ಬೇರೆಯೇ ಅಳತೆಯಲ್ಲಿ ಓಡುತ್ತವೆ. 1998ರ ‘ನ್ಯೂ ಮಿಲೇನಿಯಮ್ ಸೈನೈಡ್ ಕ್ರೈಸ್ಟ್’ ಹಾಡನ್ನೇ ತೆಗೆದುಕೊಳ್ಳಿ. ಅದರ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, 23 ಮಾತ್ರೆಯದು. ಐದು ಸಲ ಬಂದರೆ 115. ಆಮೇಲೆ 13 ಮಾತ್ರೆಯ ಒಂದು ತುಂಡು. ಒಟ್ಟು 128, ಅಂದರೆ ಆವರ್ತಕ್ಕೆ 16 ಮಾತ್ರೆಯಂತೆ ನಾಲ್ಕರ ನಡೆಯ ಸರಿಯಾದ ಎಂಟು ಆವರ್ತ. ಅಷ್ಟು ಹೊತ್ತು ಜಾರುತ್ತಾ ಹೋದದ್ದು ಸಿಂಬಲ್ ಜೊತೆಗೇ ಸಮಕ್ಕೆ ಬಂದು ಬೀಳುತ್ತದೆ. ಆ ಬೀಳುವಿಕೆ ಎದೆಗೆ ತಟ್ಟುತ್ತದಲ್ಲ, ಅದೇ ಸಂಗೀತ. ಲೆಕ್ಕ ಅವರ ಕೆಲಸ, ನಿಮ್ಮದಲ್ಲ.

ಸಂಗೀತಶಾಸ್ತ್ರದ ವಿದ್ವಾಂಸ ಜೊನಾಥನ್ ಪೀಸ್ಲಾಕ್ 2007ರಲ್ಲಿ ‘ಮ್ಯೂಸಿಕ್ ಥಿಯರಿ ಸ್ಪೆಕ್ಟ್ರಮ್’ ಪತ್ರಿಕೆಗೆ ಈ ಬ್ಯಾಂಡಿನ ಲಯದ ಬಗ್ಗೆ ದೊಡ್ಡ ಲೇಖನ ಬರೆದರು. ಓದಿ ಖುಷಿಪಟ್ಟೆ. ಆದರೆ ಹಾಡನ್ನು ಇಷ್ಟಪಟ್ಟ ಮೇಲೆ ಓದುವ ಲೇಖನ ಅದು. ನನ್ನ ಅಕ್ಕನಿಗೆ ತಾಳದ ಗಂಧವೇ ಇಲ್ಲ. ಒಮ್ಮೆ ಈ ಹಾಡು ಹಾಕಿದಾಗ ಅವಳ ತಲೆ ಸಿಂಬಲ್ ಜೊತೆ ಅಚ್ಚುಕಟ್ಟಾಗಿ ಆಡುತ್ತಿತ್ತು. ಪಕ್ಕದಲ್ಲಿ ಬೆರಳು ಮಡಚುತ್ತಾ ಕೂತಿದ್ದ ಇಬ್ಬರು ಪಂಡಿತರು ಎರಡನೇ ಸುತ್ತಿಗೇ ದಾರಿ ತಪ್ಪಿದ್ದರು.

ಗಾಯಕ ಯೆನ್ಸ್ ಕಿಡ್‌ಮನ್ ಕಿರುಚುವುದು ಮೊದಮೊದಲು ಹಿಡಿಸದೆ ಇರಬಹುದು. ಆ ದನಿಯನ್ನು ಇನ್ನೊಂದು ಡ್ರಮ್ ಎಂದುಕೊಂಡು ಕೇಳಿ, ಆಗ ಅದು ತನ್ನ ಜಾಗದಲ್ಲಿ ಕೂರುತ್ತದೆ.

ನನಗೆ ಸಿಟ್ಟು ಇರುವುದು ಬೇರೆಯವರ ಮೇಲೆ. ಎಲ್ಲವನ್ನೂ ಅರ್ಧ ನಿಮಿಷದ ತುಣುಕಿನಲ್ಲಿ ಕೇಳಿ ತೀರ್ಪು ಕೊಡುವ ಚಾಳಿ ಜಾಸ್ತಿಯಾಗಿದೆ. ಮೆಶುಗಾದ 2005ರ ‘ಕ್ಯಾಚ್ ಥರ್ಟಿತ್ರೀ’ ಆಲ್ಬಮ್ ಇದೆ. ಹದಿಮೂರು ಭಾಗ, ಸುಮಾರು 47 ನಿಮಿಷ, ಎಲ್ಲವೂ ಸೇರಿ ಒಂದೇ ಕೃತಿ. ಅದರ ತುಣುಕು ಕೇಳಿ ಏನು ಹೇಳೋಕಾಗುತ್ತದೆ? ಅದರ ಡ್ರಮ್ಸ್ ಕಂಪ್ಯೂಟರಿನಲ್ಲಿ ಜೋಡಿಸಿದ್ದು, ನಿಜ. ಅಷ್ಟಕ್ಕೇ ಇವರನ್ನು ಯಂತ್ರ ಎಂದು ಜರೆದವರಿದ್ದಾರೆ. 2016ರ ಆಲ್ಬಮನ್ನು ಇದೇ ಮಂದಿ ಸ್ಟುಡಿಯೋದಲ್ಲಿ ಒಟ್ಟಿಗೆ ಕೂಡಿ ನುಡಿಸಿ ರೆಕಾರ್ಡ್ ಮಾಡಿದ್ದು ಜರೆಯುವವರಿಗೆ ನೆನಪಾಗುವುದಿಲ್ಲ. ಇನ್ನು ವಿಮರ್ಶಕರು! ಗಿಟಾರಿಗೆ ಎಂಟು ತಂತಿ, ರಿಫ್‌ಗೆ ಇಷ್ಟು ಮಾತ್ರೆ ಎಂದು ಪಟ್ಟಿ ಮಾಡುತ್ತಾರೆ. ಕೇಳಿದಾಗ ಮೈಗೆ ಏನಾಯಿತು ಎಂದು ಒಂದು ಸಾಲೂ ಬರೆಯುವುದಿಲ್ಲ. ಹೊಸ ಕೇಳುಗರನ್ನು ಬಾಗಿಲಲ್ಲೇ ಹೆದರಿಸುವುದು ಇಂಥ ಬರಹ.

ನೀವೂ ಅಷ್ಟು ಬೇಗ ಕೈಬಿಡಬಾರದಿತ್ತು, ಅಲ್ವಾ? 1998ರ ಆ ಹಾಡನ್ನು ಒಮ್ಮೆ ಹಾಕಿ. ರಿಫ್ ಹಿಂದೆ ಓಡಬೇಡಿ. ಸುಮ್ನೆ ಸಿಂಬಲ್‌ಗೆ ಕಾಲು ತಟ್ಟುತ್ತಾ ಕೊನೆಯವರೆಗೂ ಕೇಳಿ. ಒಗ್ಗಿದ ಮೇಲೆ ಆ 47 ನಿಮಿಷದ ಕೃತಿಗೆ ಬನ್ನಿ.