ಮಣ್ಣೊಳಗೆ ಯಾವ ಹುಳ ಏನು ತಿನ್ನುತ್ತದೆ ಅಂತ ಗೊತ್ತಾಗುವುದು ಹೇಗೆ?

ಮಣ್ಣಿನ ಹುಳಗಳು ಕಣ್ಣಿಗೇ ಸರಿಯಾಗಿ ಕಾಣುವುದಿಲ್ಲ, ಹಾಗಿರುವಾಗ ಯಾವುದು ಯಾವುದನ್ನು ತಿನ್ನುತ್ತದೆ, ಗಿಡದ ಇಂಗಾಲ ಅವುಗಳ ಮೈಗೆ ಹೇಗೆ ಸೇರುತ್ತದೆ ಅಂತ ವಿಜ್ಞಾನಿಗಳು ಹೇಗೆ ಹೇಳುತ್ತಾರೆ ಅಂತ ಕೇಳಿದ್ದೀರಿ. ನಾನು ವಿಜ್ಞಾನಿ ಅಲ್ಲ. ಮಂಡ್ಯದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ, ಊರಲ್ಲಿ ಎರಡು ಎಕರೆ ಕಬ್ಬಿದೆ. ಈ ಉತ್ತರಕ್ಕೆ ಎರಡೂ ಬೇಕು.

ಮೊದಲು ಹುಳಗಳನ್ನು ಹೊರಗೆ ಬರಿಸಬೇಕು. ಇಟಲಿಯ ಕೀಟಶಾಸ್ತ್ರಜ್ಞ ಬೆರ್ಲೀಸೆ 1905ರಲ್ಲಿ ಮಾಡಿದ ಉಪಾಯ ಇವತ್ತಿಗೂ ಓಡುತ್ತಿದೆ. ಆಲಿಕೆಯೊಳಗೆ ಜರಡಿ, ಜರಡಿಯ ಮೇಲೆ ಮಣ್ಣು. ಅವನು ಬಿಸಿನೀರಿನಿಂದ ಕಾಯಿಸುತ್ತಿದ್ದ, ಈಗ ಮೇಲೊಂದು ಬಲ್ಬು ಹಾಕುತ್ತಾರೆ. ಮಣ್ಣು ಮೇಲಿನಿಂದ ಒಣಗುತ್ತಾ ಬಂದ ಹಾಗೆ ಹುಳಗಳು ತೇವ ಹುಡುಕಿಕೊಂಡು ಇಳಿದು ಕೆಳಗಿನ ಸ್ಪಿರಿಟ್ ಬಾಟಲಿಗೆ ಬೀಳುತ್ತವೆ. ನಾವು ಕೂಲ್‌ಡ್ರಿಂಕ್ಸ್ ಬಾಟಲಿ ಕತ್ತರಿಸಿ ಮಾಡುತ್ತೇವೆ. ಮೊದಲ ವರ್ಷ ಬೇಗ ಆಗಲಿ ಅಂತ 100 ವ್ಯಾಟಿನ ಬಲ್ಬು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಮಣ್ಣು ಇಟ್ಟಿಗೆ ಆಗಿತ್ತು, ಬಾಟಲಿಯಲ್ಲಿ ಒಂದೇ ಒಂದು ಇರುವೆ. ಉಳಿದವೆಲ್ಲ ಇಳಿಯುವ ಮೊದಲೇ ಒಳಗೆ ಬೆಂದುಹೋಗಿದ್ದವು. ಈಗ 25 ವ್ಯಾಟು, ನಾಲ್ಕೈದು ದಿನ. ಸ್ಪಿರಿಟ್ ಬದಲು ಒದ್ದೆ ಹತ್ತಿ ಇಟ್ಟರೆ ಜೀವಂತ ಸಿಗುತ್ತವೆ. ಎಳ್ಳಿಗಿಂತ ಚಿಕ್ಕ ಸ್ಪ್ರಿಂಗ್‌ಟೇಲ್‌ಗಳಿಗೆ ಕುಂಚದ ತುದಿ ತಾಗಿಸಿದರೆ ಸಾಕು, ಹೊಟ್ಟೆಯಡಿ ಮಡಚಿಟ್ಟ ಕವಲು ಬಿಚ್ಚಿ ಚಿಮ್ಮಿ ಮಾಯ. ಮಿಕ್ಕವು ಬಹುತೇಕ ನುಸಿಗಳು, ನಮ್ಮ ತೆಂಗಿನಕಾಯಿ ಹಾಳುಮಾಡುತ್ತದಲ್ಲ, ಆ ನುಸಿಯ ದೂರದ ನೆಂಟರು.

ಬಾಯಿ ನೋಡಿದರೆ ಅರ್ಧ ಗೊತ್ತಾಗುತ್ತದೆ. ಟೊಮೆಟೊ ಬೇರಲ್ಲಿ ಗಂಟು ಮಾಡುವ ಜಂತುಹುಳಕ್ಕೆ ಸೂಜಿಯಂಥ ಬಾಯಿ. ಬ್ಯಾಕ್ಟೀರಿಯಾ ತಿನ್ನುವ ಜಂತುವಿಗೆ ಬರೀ ಕೊಳವೆ. ಬೇಟೆಯಾಡುವ ಕೆಲವಕ್ಕೆ ಹಲ್ಲೂ ಇರುತ್ತದೆ. ಆದರೆ ತಿನ್ನಬಲ್ಲದ್ದು ಒಂದು, ತಿಂದದ್ದು ಇನ್ನೊಂದು. ಹೊಟ್ಟೆಯೊಳಗಿನ ಡಿಎನ್‌ಎ ಓದಿದರೆ ತಿಂದದ್ದು ಸಿಗುತ್ತದೆ, ಅದೂ ಈಚಿನ ಊಟ ಮಾತ್ರ. ಜೀವಂತ ಹಿಡಿದು ತಿಂದಿತೋ, ಸತ್ತು ಬಿದ್ದಿದ್ದನ್ನು ಮುಕ್ಕಿತೋ ತಿಳಿಯುವುದಿಲ್ಲ.

ಇನ್ನು ಇಂಗಾಲದ ಲೆಕ್ಕ, ನನಗೆ ತುಂಬ ಇಷ್ಟವಾದದ್ದು. ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 1.1ರಷ್ಟು ಸ್ವಲ್ಪ ಭಾರದವು, ಇಂಗಾಲ-13. ವಿಕಿರಣ ಗಿಕಿರಣ ಏನೂ ಇಲ್ಲ, ಸುಮ್ನೆ ತೂಕ ಜಾಸ್ತಿ ಅಷ್ಟೆ. ಭತ್ತ, ತೆಂಗು ಈ ಭಾರದ ಇಂಗಾಲವನ್ನು ಒಳಗೆ ಕಡಿಮೆ ಬಿಟ್ಟುಕೊಳ್ಳುತ್ತವೆ. ಕಬ್ಬು, ಜೋಳ, ರಾಗಿ ಅಷ್ಟು ಮಡಿ ಮಾಡುವುದಿಲ್ಲ. ಒಂದು ಗೊತ್ತಾದ ಮಾದರಿಗೆ ಹೋಲಿಸಿದರೆ ಭತ್ತದಲ್ಲಿ ಸಾವಿರಕ್ಕೆ ಸುಮಾರು 27 ಕಡಿಮೆ, ಕಬ್ಬಿನಲ್ಲಿ ಸುಮಾರು 13 ಕಡಿಮೆ. ತಿಂದವರ ಮೈಯಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ ಉಳಿಯುತ್ತದೆ. ಮೂರು ಹೊತ್ತೂ ಮುದ್ದೆ ಉಣ್ಣುವವರ ಕೂದಲನ್ನೂ ಬರೀ ಅನ್ನ ಉಣ್ಣುವವರ ಕೂದಲನ್ನೂ ಅಳೆಸಿದರೆ ಬೇರೆ ಬೇರೆ ಅಂಕಿ ಬರುತ್ತದೆ!

ಈಗ ನಮ್ಮ ಗದ್ದೆ ನೋಡಿ. ತಾತನ ಕಾಲದಿಂದ ಭತ್ತ, ಎಂಟು ವರ್ಷದಿಂದ ಕಬ್ಬು, ಸದ್ಯ ಕೂಳೆ. ಮಣ್ಣಿನ ಹಳೆ ಇಂಗಾಲ ಭತ್ತದ್ದು, ಹೊಸದು ಕಬ್ಬಿನದು. ಅಲ್ಲಿನ ಎರೆಹುಳು 20 ಕಡಿಮೆ ತೋರಿಸಿದರೆ ಅದರ ಮೈಯಲ್ಲಿ ಹಳೆಯದು ಅರ್ಧ, ಹೊಸದು ಅರ್ಧ ಅಂತ ಅರ್ಥ. ತರಗಿನಡಿ ಇರುವ ಹುಳು 13ರ ಹತ್ತಿರ ಇರಬೇಕು, ಆಳದಲ್ಲಿ ಮಣ್ಣನ್ನೇ ತಿನ್ನುವ ಹುಳು 27ರ ಕಡೆ ವಾಲಬೇಕು. ಬೆಳೆ ಬದಲಾಯಿಸಿದಾಗ ನಮಗೇ ಗೊತ್ತಿಲ್ಲದೆ ಮಣ್ಣಿಗೆ ಗುರುತು ಹಾಕಿಬಿಟ್ಟಿದ್ದೇವೆ ಅಲ್ವಾ? (ತರಗಿಗೆ ಬೆಂಕಿ ಇಟ್ಟರೆ ಬೇರೆ ಮಾತು. ನಮ್ಮಪ್ಪ ಪ್ರತಿ ವರ್ಷ ಇಡುತ್ತಾರೆ, ಪ್ರತಿ ವರ್ಷ ಜಗಳ.)

ಸಾರಜನಕದಲ್ಲೂ ಹೀಗೇ ಭಾರದ್ದೊಂದಿದೆ. ತಿಂದವರ ಮೈಯಲ್ಲಿ ಅದು ತಿನಿಸಿಗಿಂತ ಸಾವಿರಕ್ಕೆ ಸುಮಾರು 3 ಜಾಸ್ತಿ ಇರುತ್ತದೆ. ಅಂದರೆ ಯಾರ ಮನೆ ಊಟ ಅಂತ ಇಂಗಾಲ ಹೇಳಿದರೆ, ಎಷ್ಟನೇ ಪಂಕ್ತಿ, ಅಂದರೆ ಆಹಾರ ಸರಪಳಿಯ ಎಷ್ಟನೇ ಮೆಟ್ಟಿಲು ಅಂತ ಸಾರಜನಕ ಹೇಳುತ್ತದೆ. ಅಳೆಯುವುದಕ್ಕೆ ಹುಳವನ್ನು ಒಣಗಿಸಿ, ತವರದ ಪುಟ್ಟ ಬಟ್ಟಲಲ್ಲಿ ಮಡಚಿ, ಸುಮಾರು 1000 ಡಿಗ್ರಿಯಲ್ಲಿ ಸುಟ್ಟು, ಬಂದ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಭಾರದ್ದನ್ನೂ ಹಗುರದ್ದನ್ನೂ ಬೇರ್ಪಡಿಸಿ ಲೆಕ್ಕ ಹಾಕುವ ಯಂತ್ರಕ್ಕೆ ಬಿಡುತ್ತಾರೆ. ಒಂದು ನುಸಿಯ ತೂಕ ಏನೇನೂ ಸಾಲದು, ಹತ್ತಾರು ಸೇರಿಸಬೇಕು. ಅಂಥ ಯಂತ್ರ ನಮ್ಮ ಕಾಲೇಜಿನಲ್ಲಿ ಎಲ್ಲಿ? ಹಾಗಾಗಿ ನಮ್ಮ ಗದ್ದೆಯ ಲೆಕ್ಕ ಇನ್ನೂ ಬರೀ ಬೋರ್ಡಿನ ಮೇಲಿದೆ.

ವರ್ಷಗಟ್ಟಲೆ ಕಾಯಲಾಗದವರು ಗುರುತನ್ನು ಕೈಯಾರೆ ಹಾಕುತ್ತಾರೆ. ಗಿಡಗಳ ಮೇಲೆ ಪಾರದರ್ಶಕ ಗುಡಾರ ಕವುಚಿ, ಇಂಗಾಲ-13 ಜಾಸ್ತಿ ಇರುವ ಕಾರ್ಬನ್ ಡೈಆಕ್ಸೈಡನ್ನು ಕೆಲವು ಗಂಟೆ ಬಿಡುತ್ತಾರೆ. ಆಮೇಲೆ ಆಗಾಗ ಮಣ್ಣು ತೆಗೆದು ಹುಡುಕುವುದು. ಒಂದೆರಡು ದಿನದೊಳಗೇ ಬೇರಿಗೆ ಹೊಂದಿಕೊಂಡ ಶಿಲೀಂಧ್ರದಲ್ಲಿ ಗುರುತು ಕಾಣಿಸುತ್ತದೆ, ಬರಬರುತ್ತಾ ಅದನ್ನು ಮೇಯುವ ಹುಳಗಳಲ್ಲೂ.

ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರದ ಕಾಡಿನಲ್ಲಿ ದೊಡ್ಡ ದೊಡ್ಡ ಮರಗಳಿಗೇ ಗುರುತಿನ ಗಾಳಿ ಕೊಟ್ಟಿದ್ದರು (ಅಲ್ಲಿ ಇಂಗಾಲ-13 ಜಾಸ್ತಿ ಅಲ್ಲ, ಕಡಿಮೆ ಇರುವುದೇ ಗುರುತು). ಆ ಮರಗಳಡಿಯ ಉದುರೆಲೆಯನ್ನೂ ಗುರುತಿಲ್ಲದ ಮರಗಳಡಿಯದನ್ನೂ ಅದಲುಬದಲು ಮಾಡಿ ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೆಚ್ಚಿನ ಮಣ್ಣುಪ್ರಾಣಿಗಳ ಮೈಯ ಇಂಗಾಲ ಉದುರಿದ ಎಲೆಯಿಂದಲ್ಲ, ಬೇರಿನಿಂದ ಬಂದಿತ್ತು. ಅದನ್ನು ಓದುವವರೆಗೆ ನಾನೂ ತರಗೆಲೆಯೇ ಅವುಗಳ ಅನ್ನ ಅಂತ ಪಾಠ ಮಾಡುತ್ತಿದ್ದೆ. ಆ ಹಳೆ ನೋಟ್ಸು ಈಗಲೂ ಮಕ್ಕಳ ಕೈಯಲ್ಲಿ ಜೆರಾಕ್ಸ್ ಆಗಿ ಓಡಾಡುತ್ತಿದೆ.