ಮಂಗನ ಕಾಯಿಲೆಯ ಮಾಹಿತಿ ಪತ್ರ: ಮೊದಲ ಸಾಲು ಉಣುಗಿನ ಬಗ್ಗೆ ಇರಲಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಮಂಗನ ಕಾಯಿಲೆಯ ಕುರಿತು ಊರಿನವರಿಗೆ ಹಂಚಲು ಮಕ್ಕಳೊಂದಿಗೆ ಒಂದು ಪುಟದ ಮಾಹಿತಿ ಪತ್ರ ಸಿದ್ಧಪಡಿಸುತ್ತಿದ್ದೇನೆ. ರೋಗದ ಇತಿಹಾಸ, ವೈರಾಣುವಿನ ವಿವರ ಎಲ್ಲವೂ ಸೇರಿ ಮೂರು ಪುಟವಾಗಿದೆ. ಯಾವುದನ್ನು ಬಿಡಲಿ?

ಉತ್ತರ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಪತ್ತೆಯಾಯಿತೆಂಬುದಕ್ಕೆ ಒಂದು ವಾಕ್ಯ ಸಾಕು, ವೈರಾಣುವಿನ ವರ್ಗೀಕರಣವನ್ನು ತರಗತಿಗೆ ಬಿಡಿ. ಈ ಪತ್ರವನ್ನು ಓದುವವರು ನಾಳೆ ಬೆಳಿಗ್ಗೆ ದರಗು (ಉದುರಿದ ಒಣ ಎಲೆ) ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ.

ಕಾಯಿಲೆಯ ಹೆಸರೇ ಜನರ ದಾರಿ ತಪ್ಪಿಸುತ್ತದೆ. ಮಂಗವೂ ನಮ್ಮಂತೆಯೇ ಈ ರೋಗಕ್ಕೆ ಬಲಿಯಾಗುವ ಪ್ರಾಣಿ. ಸೋಂಕನ್ನು ನಮಗೆ ದಾಟಿಸುವುದು ಉಣುಗು. ಆದ್ದರಿಂದ ಮೊದಲ ಸಾಲಿನಲ್ಲೇ ಉಣುಗು ಬರಲಿ, ಅದರ ಚಿತ್ರವನ್ನು ನಿಜವಾದ ಅಳತೆಯಲ್ಲಿಯೂ ಬರೆಸಿ. ದನದ ಕಿವಿಯಲ್ಲಿ ಊದಿಕೊಂಡಿರುವ ಉಣುಗನ್ನಷ್ಟೇ ಬಲ್ಲವರಿಗೆ, ಕಾಲಿಗೆ ಹತ್ತಿ ಕಚ್ಚುವ ಮರಿ ಉಣುಗು ಎಳ್ಳಿನ ಕಾಳಿಗಿಂತ ದೊಡ್ಡದಲ್ಲವೆಂದು ಮಾತಿನಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ.

ಅನಂತರ ಮಾಡಬೇಕಾದ ಕೆಲಸಗಳನ್ನು ಬರೆಯಿರಿ: ಮೈತುಂಬ ಬಟ್ಟೆ ಧರಿಸುವುದು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚುವುದು, ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಸ್ನಾನ ಮಾಡುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಏಕೆಂದರೆ ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಹೀಗೆ ಕಾರಣವನ್ನೂ ಜೊತೆಗೇ ಹೇಳಿದರೆ ಜನ ಮಾತನ್ನು ಪಾಲಿಸುತ್ತಾರೆಂಬುದು ನನ್ನ ನಂಬಿಕೆ.

ದಪ್ಪಕ್ಷರದಲ್ಲಿ ಅಚ್ಚಾಗಬೇಕಾದ ಮಾತು ಇನ್ನೊಂದಿದೆ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ತನೆ ಜ್ವರ, ತಲೆನೋವು, ತೀವ್ರ ಮೈಕೈ ನೋವು ಕಾಣಿಸಿಕೊಂಡರೆ, ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, "ನಾನು ಕಾಡಿಗೆ ಹೋಗಿದ್ದೆ" ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಈ ರೋಗಕ್ಕೆಂದೇ ಪ್ರತ್ಯೇಕ ಔಷಧಿ ಇಲ್ಲದಿರುವುದರಿಂದ ಬೇಗನೆ ಆರೈಕೆ ಆರಂಭವಾಗುವುದೇ ಮುಖ್ಯ. ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲವೆಂದೂ ಸೇರಿಸಿ. ಜ್ವರ ಬಂದವರ ಮನೆಯನ್ನು ಊರು ದೂರವಿಡಬಾರದು.

ರೋಗದ ಕಾಲ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ. ಆದ್ದರಿಂದ ಪತ್ರ ನವೆಂಬರ್‌ನಲ್ಲೇ ಮನೆಮನೆ ತಲುಪಲಿ. ಅಚ್ಚಿಗೆ ಕೊಡುವ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಿ. ದರಗು ತರುವ ಇಬ್ಬರು ಹೆಂಗಸರಿಗೂ ಓದಿ ಹೇಳಿ, ಅವರು ಮರಳಿ ಏನು ಕೇಳುತ್ತಾರೋ ಅದಕ್ಕೆ ಉತ್ತರ ಬರೆಯಲು ಪುಟದಲ್ಲಿ ನಾಲ್ಕು ಸಾಲು ಜಾಗ ಬಿಟ್ಟಿರಿ.