ತಾಮ್ರದ ತಗಡಿನ ಮೇಲೆ ಮರಗಳು

ಪ್ರಶ್ನೆ: ಫ್ರೆಂಚ್ ಕಲಾವಿದ ಫ್ರಾಗೊನಾರ್ ರಚಿಸಿದ ‘ಲ ಪೆಟಿ ಪಾರ್ಕ್’ ಎಂಬ ಕಾಡಿನ ಚಿತ್ರ ಶಾಯಿಯಲ್ಲಿ ಬರೆದಂತೆ ಕಾಣುತ್ತದೆ, ಆದರೆ ಅದು ಎಚಿಂಗ್, ಅಂದರೆ ಲೋಹದ ತಗಡಿನಿಂದ ಒತ್ತಿ ತೆಗೆದ ಮುದ್ರಣ, ಎನ್ನುತ್ತಾರೆ. ಅದರ ಮೂಲಕೃತಿ ಹಲವು ಸಂಗ್ರಹಾಲಯಗಳಲ್ಲಿ ಇರುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಚಿತ್ರದಲ್ಲಿರುವುದು ನಿಜವಾದ ಕಾಡಲ್ಲ, ಕಾಡಾಗಲು ಹೊರಟಿದ್ದ ಒಂದು ತೋಟ. 1760ರ ಬೇಸಿಗೆಯಲ್ಲಿ ಫ್ರಾಗೊನಾರ್ ತನ್ನ ಪೋಷಕನಾದ ಅಬೆ (ಪಾದ್ರಿ) ದ ಸ್ಯಾಂ-ನೋಂ ಜೊತೆ ರೋಮ್ ಸಮೀಪದ ತಿವೋಲಿಯ ವಿಲ್ಲಾ ದೆಸ್ತೆ ಎಂಬ ತೋಟದ ಬಂಗಲೆಯಲ್ಲಿ ತಂಗಿದ್ದನು. ಹದಿನಾರನೆಯ ಶತಮಾನದಲ್ಲಿ ಕಾರ್ಡಿನಲ್ ಒಬ್ಬನು ಮಾಡಿಸಿದ ಆ ತೋಟ ಅಷ್ಟರಲ್ಲಿ ಆರೈಕೆಯಿಲ್ಲದೆ ಬೆಳೆದು, ಮೆಟ್ಟಿಲು ಮತ್ತು ಶಿಲ್ಪಗಳನ್ನು ಮರಗಳು ಆವರಿಸಿಕೊಂಡಿದ್ದವು. ಅಲ್ಲಿ ಕಂಡದ್ದನ್ನು ಆಧರಿಸಿ, ಪ್ಯಾರಿಸ್ಸಿಗೆ ಮರಳಿದ ಮೇಲೆ, ಸುಮಾರು 1763ರಲ್ಲಿ ಆತ ಈ ಎಚಿಂಗನ್ನು ಮಾಡಿದನು. ಅದರ ಎತ್ತರ ಸುಮಾರು 10 ಸೆಂ.ಮೀ., ಅಗಲ 14 ಸೆಂ.ಮೀ. ಮಾತ್ರ, ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಎಲೆಗಳು!

ಶಾಯಿಯ ರೇಖೆಯೆಂದು ನಿಮಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಲೋಹವನ್ನು ಉಳಿಯಿಂದ ನೇರವಾಗಿ ಕೆತ್ತುವ ಎನ್‌ಗ್ರೇವಿಂಗ್‌ನಲ್ಲಿ ಕೈ ಬಲ ಹಾಕಿ ಮುಂದೊತ್ತಬೇಕಾಗುವುದರಿಂದ ರೇಖೆಗಳು ಬಿಗಿಯಾಗಿಯೂ ಕ್ರಮಬದ್ಧವಾಗಿಯೂ ಬರುತ್ತವೆ. ಎಚಿಂಗ್‌ನಲ್ಲಾದರೋ ತಾಮ್ರದ ತಗಡಿಗೆ ಮೇಣ ಮತ್ತು ರಾಳ ಸೇರಿದ ತೆಳುವಾದ ಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ಗೀರಿದರೆ ಸಾಕು. ಲೇಪ ಕಿತ್ತು ಬಂದ ಕಡೆಯಲ್ಲೆಲ್ಲ ಲೋಹವನ್ನು ತಿನ್ನುವ ಶ್ರಮದ ಕೆಲಸ ಆಮ್ಲದ್ದು. ಹೀಗಾಗಿ ಸೂಜಿ ಲೇಖನಿಯಷ್ಟೇ ಸಲೀಸಾಗಿ ಓಡುತ್ತದೆ, ಮತ್ತು ಎಲೆಗೊಂಚಲುಗಳನ್ನು ಸುರುಳಿ, ತಿರುವು, ಚುಕ್ಕೆಗಳಿಂದ ಒಂದೇ ಉಸಿರಿನಲ್ಲಿ ಮೂಡಿಸಬಹುದು. ಹಗುರವಾಗಿ ಇರಬೇಕಾದ ಭಾಗಗಳಿಗೆ ನಡುವೆ ವಾರ್ನಿಶ್ ಬಳಿದು, ಉಳಿದವನ್ನು ಮತ್ತಷ್ಟು ಹೊತ್ತು ಆಮ್ಲದಲ್ಲಿ ಇಟ್ಟರೆ ಅಲ್ಲಿನ ರೇಖೆಗಳು ಆಳವಾಗಿ ಕಪ್ಪಾಗುತ್ತವೆ. ದೂರದ ಮರ ಮಸುಕಾಗಿ, ಹತ್ತಿರದ್ದು ದಟ್ಟವಾಗಿ ತೋರಿಸಲು ಎಚಿಂಗ್ ಮಾಡುವವರಿಗೆ ಒದಗುವ ಉಪಾಯವಿದು. ನನ್ನ ದೃಷ್ಟಿಯಲ್ಲಿ ಮರಗಿಡಗಳ ಚಿತ್ರಣಕ್ಕೆ ಇದಕ್ಕಿಂತ ಹೊಂದುವ ಮುದ್ರಣ ವಿಧಾನ ಹದಿನೆಂಟನೆಯ ಶತಮಾನದಲ್ಲಿ ಇನ್ನೊಂದಿರಲಿಲ್ಲ. ವೃತ್ತಿಪರ ಕೆತ್ತನೆಗಾರರಲ್ಲದವರೂ ಆಗ ಎಚಿಂಗ್‌ಗೆ ಕೈಹಾಕಿದ್ದು ಇದೇ ಸಲೀಸಿನಿಂದ. ಸ್ವತಃ ಸ್ಯಾಂ-ನೋಂ ಅಂಥ ಹವ್ಯಾಸಿ.

ಇನ್ನು ‘ಮೂಲ’ದ ಮಾತು. ಗೀರುಗಳಲ್ಲಿ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನು ಹೊದಿಸಿ ರೋಲರ್ ಪ್ರೆಸ್ಸಿನಲ್ಲಿ ಒತ್ತಿದಾಗ ಚಿತ್ರ ಎಡಬಲ ಅದಲುಬದಲಾಗಿ ಕಾಗದಕ್ಕೆ ಇಳಿಯುತ್ತದೆ. ಕಲಾವಿದ ತಯಾರಿಸಿದ ತಗಡಿನಿಂದ ಹೀಗೆ ತೆಗೆದ ಪ್ರತಿಯೊಂದು ಮುದ್ರಿಕೆಯೂ ಮೂಲಕೃತಿಯೇ. ಆದ್ದರಿಂದ ಆ ಸಂಗ್ರಹಾಲಯಗಳ ಹೇಳಿಕೆಗಳಲ್ಲಿ ವಿರೋಧವಿಲ್ಲ. ಮೌಲ್ಯ ಮಾತ್ರ ಸಮಾನವಲ್ಲ: ಒತ್ತಿದಷ್ಟೂ ತಗಡು ಸವೆಯುವುದರಿಂದ, ಮೊದಲ ಮುದ್ರಿಕೆಗಳಲ್ಲಿ ತುಂಬಿಕೊಂಡಿದ್ದ ನೆರಳು ಆಮೇಲಿನವುಗಳಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ.